ನೀವು ಯಾವ ಸೈಡು?

ಹೊನ್ನಾವರದಿಂದ ಭಟ್ಕಳಕ್ಕೆ ದಿನಾ ಟೆಂಪೋದಲ್ಲಿ ಹೋಗಿ ಬಂದವರಿಗೆ ಅವರ ಪರಿಚಯ ಮಾಡಿಸಬೇಕಾಗಿಲ್ಲ. ಉಳಿದವರಿಗಾಗಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೂ ಗುರುತು ಸಿಗಲಿಕ್ಕಿಲ್ಲ, ಯಾಕೆಂದರೆ ಆ ದಾರಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಎದುರಿಗೆ ‘ಡ್ರೈವರಣ್ಣ’, ಬೆನ್ನ ಹಿಂದೆ ‘ಸೈಡಣ್ಣ’. ಎರಡನೆಯ ಹೆಸರು ಅವರಿಗೂ ಗೊತ್ತಿತ್ತು. ಕೇಳಿದರೆ, ಹಿಂದಿನ ಸೈಡಿಂದ ಕರೀತಾರೆ, ಅಡ್ಡಿಲ್ಲ ಅನ್ನುತ್ತಿದ್ದರು.

ನಾನು ಆಗ ಭಟ್ಕಳದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಮನೆ ಕರ್ಕಿಯಲ್ಲಿ. ಬೆಳಿಗ್ಗೆ ಹೊನ್ನಾವರಕ್ಕೆ ಬಂದು ಅವರ ಟೆಂಪೋ ಹತ್ತುತ್ತಿದ್ದೆ. ಡ್ರೈವರಿನ ಪಕ್ಕದ ಸೀಟು ನನ್ನದೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಬೇರೆಯವರು ಕೂತರೆ ಅವರು ಗಾಡಿ ಬಿಡುತ್ತಿರಲಿಲ್ಲ. ಮಾತಿಗೆ ಜನ ಬೇಕು, ಸ್ಟೇರಿಂಗ್ ತಿರುಗಿಸುವುದು ಕೈ ತಾನೇ, ಬಾಯಿ ಖಾಲಿಯೇ ಇರುತ್ತದಲ್ಲ ಎಂಬುದು ಅವರ ವಾದ.

ಅವರ ಬಾಯಲ್ಲಿ ಇಂಗ್ಲಿಷು ಎಂದು ಇದ್ದದ್ದು ಹೆಚ್ಚುಕಡಿಮೆ ಒಂದೇ ಶಬ್ದ. ಆ ಒಂದರಲ್ಲಿ ಅವರು ಇಡೀ ಸಂಸಾರ ನಡೆಸುತ್ತಿದ್ದರು. ಎದುರಿನ ಲಾರಿ ಸೈಡ್ ಕೊಡಬೇಕು. ಕೊಡದಿದ್ದರೆ ಇವರು ಸೈಡ್ ಹೊಡೆಯಬೇಕು. ನಿಂತ ಹೆಂಗಸರು ಒಂದು ಸೈಡ್ ಆಗಬೇಕು, ಮೀನಿನ ಬುಟ್ಟಿ ಇನ್ನೊಂದು ಸೈಡ್. ಯಾರದೋ ಮಗ ಬೆಂಗಳೂರು ಸೈಡ್ ಹೋಗಿದ್ದಾನೆ, ಯಾರದೋ ಸೊಸೆ ಗೇರುಸೊಪ್ಪ ಸೈಡಿನವಳು. ಮದುವೆಯಲ್ಲಿ ಹೆಣ್ಣಿನ ಸೈಡಿನ ಊಟ ಚೆನ್ನಾಗಿತ್ತು, ಗಂಡಿನ ಸೈಡಿನವರಿಗೆ ಸೊಕ್ಕು. ಮಾವನ ಜಾಗದ ಕೇಸಿನಲ್ಲಿ ವಕೀಲ ಎದುರಿನ ಸೈಡಿಗೆ ಸೇರಿಬಿಟ್ಟ. ಬೆಳಿಗ್ಗೆಯಿಂದ ತಲೆ ಒಂದು ಸೈಡ್ ಹಿಡಿದಿದೆ, ಡಾಕ್ಟರ ಗುಳಿಗೆ ತಿಂದರೆ ಸೈಡ್ ಎಫೆಕ್ಟ್. ಟೆಂಪೋ ಬಿಟ್ಟರೆ ಅವರ ಸೈಡ್ ಬಿಸಿನೆಸ್ಸು ಮುರುಗಲ ಹಣ್ಣಿನ ಸಿಪ್ಪೆ ಒಣಗಿಸಿ ಮಾರುವುದು. ಗುಟ್ಟು ಹೇಳುವುದಿದ್ದರೆ, ‘ಸ್ವಲ್ಪ ಸೈಡಿಗೆ ಬನ್ನಿ ಮಾರಾಯ್ರೆ.’ ಒಮ್ಮೆ ಊರಿನ ಹಳೆಯ ಮುಖಂಡರೊಬ್ಬರು ಚುನಾವಣೆಯಲ್ಲಿ ಸೋತು ಮನೆ ಸೇರಿದಾಗ, ಪಾಪ, ಸೈಡಾದ್ರು ಎಂದು ಒಂದೇ ಮಾತಿನಲ್ಲಿ ಅವರ ಚರಿತ್ರೆ ಮುಗಿಸಿದ್ದರು.

ಇಷ್ಟೇ ಆಗಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ನಮ್ಮ ಕರಾವಳಿಯ ಎಲ್ಲ ಡ್ರೈವರುಗಳೂ ಹೀಗೆಯೇ. ಆದರೆ ಇವರಿಗೆ ತಾಳಮದ್ದಳೆಯ ಹುಚ್ಚಿತ್ತು.

ಕರ್ಕಿಯಲ್ಲಿ ನಾವು ಕೆಲವರು ಸೇರಿ ಒಂದು ಕೂಟ ಕಟ್ಟಿಕೊಂಡಿದ್ದೆವು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಮಾತೇ ಯುದ್ಧ, ಮಾತೇ ಕಿರೀಟ. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರ ಬಂದರೂ ಮಹಾಪರಾಧ. ನಮ್ಮ ಕೂಟದ ಹಿರಿಯರು ನಿವೃತ್ತ ಮಾಸ್ತರರೊಬ್ಬರು. ಅವರಂತೂ ಕೂಟ ನಡೆಯುವಾಗ ‘ಮೈಕು ಸರಿಮಾಡಿ’ ಅನ್ನುವುದಕ್ಕೂ ಕೈಸನ್ನೆ ಮಾಡುತ್ತಿದ್ದರು.

ಡ್ರೈವರಣ್ಣ ಪ್ರತಿ ಕೂಟಕ್ಕೂ ಬಂದು ಮುಂದಿನ ಸಾಲಿನಲ್ಲಿ ಕೂತು ಕೇಳಿದವರು. ಸ್ವರ ಚೆನ್ನಾಗಿತ್ತು, ನೆನಪೂ ಇತ್ತು. ಒಂದು ಭಾನುವಾರ ಸಂಜೆ ದೂತನ ಪಾತ್ರ ಮಾಡಬೇಕಾದವನು ಜ್ವರ ಬಂದು ಮಲಗಿದ್ದರಿಂದ ನಾನೇ ಇವರ ಹೆಸರು ಸೂಚಿಸಿದೆ. ಪ್ರಸಂಗ ಹೀಗೆ. ಇಬ್ಬರು ಅರಸರ ನಡುವೆ ಯುದ್ಧ ಹತ್ತಿದೆ. ಕಡಲ ತೀರದ ಅರಸನ ದೂತ ಗುಡ್ಡದ ಮೇಲಿನ ಮೂರನೆಯ ಅರಸನ ಸಭೆಗೆ ಬಂದು, ನೀನು ಯಾರ ಪಕ್ಷ ಎಂದು ಕೇಳಬೇಕು. ಗುಡ್ಡದ ಅರಸ ಮಾಸ್ತರರು. ನಾನು ಅವರ ಮಂತ್ರಿ.

ಡ್ರೈವರಣ್ಣ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಶಾಲು ಹೊದ್ದು ಬಂದರು. ಶುರುವಿನಲ್ಲಿ ಅದ್ಭುತವಾಗಿ ಮಾತಾಡಿದರು. ರಾಜ್ಯದ ವರ್ಣನೆ, ಅರಸನ ಗುಣಗಾನ, ಯುದ್ಧದ ಭೀಕರತೆ ಎಲ್ಲ ಬಂತು. ಸಭೆ ತಲೆದೂಗಿತು. ಆ ತಲೆದೂಗುವಿಕೆಯೇ ಅವರನ್ನು ಕೆಡಿಸಿತೆಂದು ನನ್ನ ಅನುಮಾನ. ಸ್ವರ ಏರಿಸಿ, ಬೆರಳೆತ್ತಿ, ಕೊನೆಯ ಪ್ರಶ್ನೆ ಕೇಳಿದರು.

“ಎಲೈ ಭೂಪತಿ, ನಿಸ್ಸಂಕೋಚವಾಗಿ ಹೇಳು. ನೀನು ಯಾವ ಸೈಡು?”

ಮದ್ದಳೆ ನಿಂತಿತು. ಭಾಗವತರು ಜಾಗಟೆಯ ಕೋಲನ್ನು ಬಾಯಿಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದರು. ಹಿಂದೆ ಯಾರೋ ಕಿಸಕ್ಕೆಂದರು. ಮಂತ್ರಿಯಾದ ನಾನು ನಗು ತಡೆಯಲು ಶಾಲಿನ ತುದಿ ಕಚ್ಚಿಕೊಂಡೆ. ಮಾಸ್ತರರು ಮಾತ್ರ ಮುಖ ಕದಲಿಸಲಿಲ್ಲ. ತಾಳಮದ್ದಳೆಯಲ್ಲಿ ಎದುರಾಳಿ ಜಾರಿದರೆ ಬಿಡುವ ಪದ್ಧತಿ ಇಲ್ಲ.

“ದೂತನೇ, ಈ ಸೈಡು ಎಂಬುದು ಯಾವ ದೇಶದ ಶಬ್ದ? ನಮ್ಮ ಆಸ್ಥಾನದಲ್ಲಿ ಇದನ್ನು ಕೇಳಿದವರಿಲ್ಲ.”

ಬೇರೆಯವರಾಗಿದ್ದರೆ ಕೈ ಮುಗಿದು ಎದ್ದುಹೋಗುತ್ತಿದ್ದರು. ಇವರು ಹಣೆಯ ಬೆವರನ್ನು ಶಾಲಿನಿಂದ ಒರೆಸಿಕೊಂಡರು. ಆಮೇಲೆ ಹೇಳಿದರು.

“ಒಡೆಯಾ, ನಮ್ಮದು ಬಂದರಿನ ರಾಜ್ಯ. ಹಡಗಿನಲ್ಲಿ ಖರ್ಜೂರ ಬಂದ ಹಾಗೆ ಮಾತುಗಳೂ ಬಂದು ಇಳಿಯುತ್ತವೆ. ನಿಮ್ಮದು ಗುಡ್ಡದ ರಾಜ್ಯ. ಘಟ್ಟ ಹತ್ತಿ ಅವು ಇನ್ನೂ ಇಲ್ಲಿಯ ತನಕ ಬಂದಿಲ್ಲ.”

ಸಭೆ ಚಪ್ಪಾಳೆ ಹೊಡೆಯಿತು. ಮಾಸ್ತರರಿಗೆ ಬೇರೆಯವರಿಗೆ ಬಿದ್ದ ಚಪ್ಪಾಳೆ ಕೇಳಿ ಅಭ್ಯಾಸವಿಲ್ಲ. ಅದೇ ಬಿಸಿಯಲ್ಲಿ, ಹಾಗಾದರೆ ನಿನ್ನ ಅರಸನಿಗೆ ಹೋಗಿ ಹೇಳು, ನಾನು ಯಾವ ಸೈಡಿಗೂ ಇಲ್ಲ ಎಂದು ಗುಡುಗಿದರು. ತಾವು ಅಂದದ್ದು ಏನೆಂದು ಅವರಿಗೆ ಆಮೇಲೆ ಹೊಳೆದಿರಬೇಕು. ಕೊನೆಯವರೆಗೂ ಅವರು ಅದನ್ನು ಒಪ್ಪಲಿಲ್ಲ. ಅವತ್ತು ಕೂಟವನ್ನು ಮೊಬೈಲಿನಲ್ಲಿ ಹಿಡಿದುಕೊಂಡವರು ಕೇಳಿಸಲು ಹೋದರೂ, ನನಗೆ ಕಿವಿ ಸ್ವಲ್ಪ ಮಂದ ಎಂದುಬಿಟ್ಟರು.

ಆದರೆ ಕೂಟದ ಕಾರ್ಯದರ್ಶಿ ಕಟ್ಟುನಿಟ್ಟಿನವರು. ಸಭೆ ಸೇರಿಸಿ, ಕಲೆಯ ಗೌರವ ಅದು ಇದು ಎಂದು ಮಾತಾಡಿ, ನಾಲಗೆ ಶುದ್ಧವಾಗುವವರೆಗೆ ಡ್ರೈವರಣ್ಣನಿಗೆ ಪಾತ್ರ ಕೊಡಬಾರದೆಂದು ತೀರ್ಮಾನ ಮಾಡಿಸಿದರು. ಆ ಸುದ್ದಿಯನ್ನು ಅವರಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಶರಾವತಿ ಸೇತುವೆಯ ಮೇಲೆ ಹೇಳಿದೆ. ಸೇತುವೆ ದಾಟಿ ಕಾಸರಕೋಡಿನಲ್ಲಿ ಯಾರೋ ಕೈ ತೋರಿಸಿದರೂ ಅವರು ಗಾಡಿ ನಿಲ್ಲಿಸಲಿಲ್ಲ. ಆಮೇಲೆ ಒಂದೇ ಮಾತು ಹೇಳಿದರು.

“ಆತು. ಬಿಡ್ತೆ ಆ ಶಬ್ದ. ಅದರ ಬದಲಿಗೆ ಕನ್ನಡದಲ್ಲಿ ಎಂತ ಅದೆ, ನೀವೇ ಹೇಳಿ.”

ಅಲ್ಲಿಂದ ಪಾಠ ಶುರುವಾಯಿತು. ನಾನು ಹುಮ್ಮಸ್ಸಿನಿಂದ ಕಡೆ, ಬದಿ, ಪಕ್ಕ, ಮಗ್ಗುಲು, ಪಕ್ಷ, ಪಾರ್ಶ್ವ ಎಂದು ಹೇಳಿಕೊಟ್ಟೆ. ಅವರು ಅಷ್ಟನ್ನೂ ಕಲಿತರು. ಎಲ್ಲಿ ಯಾವುದು ಎಂಬುದು ಮಾತ್ರ ಅವರಿಗೂ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ನನಗೂ.

ಮರುದಿನ ಮಂಕಿಯಲ್ಲಿ ಮೀನು ಮಾರುವ ಅಜ್ಜಿಯೊಬ್ಬಳು ಹತ್ತಿದಳು. ಮೊದಲಾಗಿದ್ದರೆ ಸೈಡಿಗೆ ಕೂರಲು ಹೇಳುತ್ತಿದ್ದರು. ಈಗ, ಅಮ್ಮ, ಕಡೆಗೆ ಕೂತ್ಕಣಿ ಅಂದರು. ನಮ್ಮ ಕಡೆ ‘ಕಡೆಗೆ’ ಎಂದರೆ ಆಮೇಲೆ ಎಂದೂ ಆಗುತ್ತದೆ. ಮುದುಕಿ ನಿಂತೇ ಇದ್ದಳು. ಮುರ್ಡೇಶ್ವರ ಬಂತು, ಶಿರಾಲಿ ಬಂತು. ಕೊನೆಗೆ ಅವಳು, ಕಡೆಗೆ ಅಂದ್ರೆ ಯಾವಾಗ ತಮಾ, ನನ್ನ ಇಳಿಯೋ ಜಾಗ ಬಂತಲ್ಲ ಎಂದು ಕೇಳಿದಳು. ಇನ್ನೊಂದು ದಿನ ಹೊಸದಾಗಿ ಮದುವೆಯಾದ ಹೆಂಗಸಿಗೆ ಮಗ್ಗುಲಿಗೆ ಬರಲು ಹೇಳಿ ಅವಳ ಗಂಡನಿಂದ ಬೈಸಿಕೊಂಡರು. ಕುಮಟೆಯಲ್ಲಿ ನೆಂಟರ ಮದುವೆಯ ಊಟದ ಹೊತ್ತಿಗೆ ಪಕ್ಕದವನನ್ನು, ನೀವು ಯಾವ ಪಕ್ಷ ಎಂದು ವಿಚಾರಿಸಿದರು. ಅವನು ಹೆಣ್ಣಿನದೋ ಗಂಡಿನದೋ ಹೇಳುವುದು ಬಿಟ್ಟು, ಅದನ್ನು ಕೇಳಲು ನೀವು ಯಾರು, ಮತ ನನ್ನಿಷ್ಟ ಎಂದು ಎಲೆ ಬಿಟ್ಟು ಎದ್ದ. ಎಲ್ಲಕ್ಕಿಂತ ದೊಡ್ಡ ಅನಾಹುತ ಮನೆಯಲ್ಲಾಯಿತು. ತಲೆನೋವು ಬಂದು ಒಳಗೆ ಹೋದವರು ಹೆಂಡತಿಗೆ, ತಲೆಯ ಒಂದು ಪಾರ್ಶ್ವ ಹಿಡಿದಿದೆ ಎಂದರು. ಆಕೆಗೆ ಕೇಳಿಸಿದ್ದು ಪಾರ್ಶ್ವವಾಯು. ಕೂಗು ಕೇಳಿ ಸುತ್ತಲಿನವರೆಲ್ಲ ಓಡಿಬಂದು, ಬೇಡ ಬೇಡ ಅಂದರೂ ಬಿಡದೆ ಅವರನ್ನು ಅವರದೇ ಟೆಂಪೋದಲ್ಲಿ ಹಾಕಿಕೊಂಡು ಹೊನ್ನಾವರದ ಆಸ್ಪತ್ರೆಗೆ ಹೊರಟರು. ಬೇರೆ ಯಾರಿಗೂ ಆ ಗಾಡಿಯ ಗೇರು ಸರಿಯಾಗಿ ಬೀಳುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ರೋಗಿಯೇ ಎದ್ದು ಬಂದು ಓಡಿಸಿದರಂತೆ.

ಇದನ್ನೆಲ್ಲ ನೋಡುತ್ತಿದ್ದ ಭಟ್ಕಳದ ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ಒಂದು ದಿನ ಹಿಂದಿನ ಸೀಟಿನಿಂದ ಮಾತಾಡಿದರು. ನವಾಯತ ಮುಸ್ಲಿಮರು, ಮನೆಮಾತು ನವಾಯತಿ, ಅಂಗಡಿಯಲ್ಲಿ ಉರ್ದು, ನಮ್ಮೊಡನೆ ಕನ್ನಡ.

“ಡ್ರೈವರ್ ಸಾಬ್, ಈ ಗಾಡಿಲಿ ಕೊಂಕಣಿಯವರು ಇದ್ದಾರೆ, ಕನ್ನಡದವರು ಇದ್ದಾರೆ, ನಾವಿದ್ದೇವೆ. ಎಲ್ಲರಿಗೂ ತಿಳಿಯೋ ಮಾತು ಅದೊಂದೇ ಇತ್ತು. ಅದನ್ನೂ ತೆಗೆದ್ರೆ ನಾವು ಕೂರೋದು ಹೆಂಗೆ?”

ಡ್ರೈವರಣ್ಣ ಕನ್ನಡಿಯಲ್ಲಿ ಅವರ ಮುಖ ನೋಡಿದರು. ಅವತ್ತು ನಾನು ಇಳಿಯುವಾಗ ಕರೆದು, ತಾಳಮದ್ದಳೆಗೆ ಒಂದು ನಾಲಗೆ, ಟೆಂಪೋಕ್ಕೆ ಒಂದು ನಾಲಗೆ ಇಟ್ಟುಕೊಂಡರೆ ತಪ್ಪೇ ಎಂದು ಕೇಳಿದರು. ತಪ್ಪಿಲ್ಲ ಎಂದೆ. ಹಗುರಾಗಿ ಉಸಿರು ಬಿಟ್ಟರು.

ಆ ಹೊತ್ತಿಗೇ ಹೆದ್ದಾರಿ ಅಗಲ ಮಾಡುವ ಸುದ್ದಿ ಬಂತು. ದಾರಿಯುದ್ದಕ್ಕೂ ಜನರ ಬಾಯಲ್ಲಿ ಒಂದೇ ಪ್ರಶ್ನೆ, ಯಾವ ಸೈಡ್ ಹೋಗುತ್ತದೆ? ಅಳತೆಯವರು ಪಡುವಣ ಅಂಚಿನಲ್ಲಿ ಕಲ್ಲು ನೆಟ್ಟರೆ ಮೂಡಣ ಅಂಚಿನವರು ನೆಮ್ಮದಿಯಿಂದ ಉಣ್ಣುತ್ತಿದ್ದರು. ಮಾರನೇ ದಿನ ಕಲ್ಲು ಬದಲಾದರೆ ಊಟದ ನೆಮ್ಮದಿಯೂ ಬದಲಾಗುತ್ತಿತ್ತು. ಡ್ರೈವರಣ್ಣನ ಮನೆ ರಸ್ತೆಯ ಪಡುವಣಕ್ಕೆ. ಸರಿಯಾಗಿ ಎದುರಿಗೆ, ಮೂಡಣಕ್ಕೆ, ಅವರ ತಂಗಿಯ ಸಣ್ಣ ಕ್ಯಾಂಟೀನು. ಗಂಡ ತೀರಿಕೊಂಡ ಮೇಲೆ ಬನ್ಸು, ಅವಲಕ್ಕಿ, ಚಾ ಮಾರಿ ಆಕೆ ಜೀವನ ಮಾಡುತ್ತಿದ್ದಳು. ಒಂದು ಅಂಚು ಉಳಿದರೆ ಇನ್ನೊಂದು ಹೋಗುತ್ತದೆ. ಪಡುವಣದವರು ಬಂದು, ಮಾತು ಬಲ್ಲವರು ನೀವು, ನಮ್ಮ ಪರವಾಗಿ ಮಾತಾಡಿ ಎಂದರು. ಮೂಡಣದವರೂ ಬಂದು ಅದನ್ನೇ ಕೇಳಿದರು. ಅವರು ಇಬ್ಬರಿಗೂ ಹೂಂ ಅಂದರು.

ಊರ ಶಾಲೆಯ ಹಾಲಿನಲ್ಲಿ ಸಭೆ. ನಾನೂ ರಜೆ ಹಾಕಿ ಹೋಗಿದ್ದೆ. ಬಂದ ಎಂಜಿನಿಯರ್ ಉತ್ತರ ದೇಶದವರು, ಕನ್ನಡ ಬಾರದು. ಜೊತೆಗೆ ಮಾತು ದಾಟಿಸಲು ಅವರ ಆಫೀಸಿನ ಒಬ್ಬ ಗುಮಾಸ್ತ. ಡ್ರೈವರಣ್ಣ ಅವತ್ತಿನದೇ ಪಂಚೆ ಶಾಲಿನಲ್ಲಿ ಎದ್ದು ನಿಂತರು. ಹಿಂದೆ ಕೂತಿದ್ದ ನಮ್ಮ ಮಾಸ್ತರರನ್ನು ನೋಡಿರಬೇಕು. ಪೂರ್ವ ಪಾರ್ಶ್ವ, ಪಶ್ಚಿಮ ಪಾರ್ಶ್ವ, ಉಭಯ ಪಾರ್ಶ್ವಗಳ ಪ್ರಜಾಕೋಟಿ ಎಂದು ಶುದ್ಧ ಕನ್ನಡದಲ್ಲಿ ಬಹಳ ಹೊತ್ತು ಮಾತಾಡಿದರು. ಒಂದೂ ತಪ್ಪಿಲ್ಲ. ಮಾಸ್ತರರು ಹೆಮ್ಮೆಯಿಂದ ಸುತ್ತ ನೋಡಿದರು. ಮುಗಿದ ಮೇಲೆ ಗುಮಾಸ್ತ ಎಂಜಿನಿಯರಿನ ಕಿವಿಯಲ್ಲಿ ಹಿಂದಿಯಲ್ಲಿ ಹೇಳಿದ್ದು ಮುಂದೆ ಕೂತ ನಮಗೆಲ್ಲ ಕೇಳಿಸಿತು, ಇವರು ರಸ್ತೆ ವಿಷಯ ಹೇಳುತ್ತಿದ್ದಾರೆ ಎಂದು.

ಎಂಜಿನಿಯರ್ ತಲೆಯಾಡಿಸಿ ಮುಂದಿನವರನ್ನು ಕರೆಯಲು ಹೊರಟರು. ಡ್ರೈವರಣ್ಣ ಕೂರಲಿಲ್ಲ. ತಂಗಿ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದಳು. ಅವಳತ್ತ ಒಮ್ಮೆ ನೋಡಿ, ಶಾಲು ತೆಗೆದು ಹೆಗಲಿಗೆ ಹಾಕಿಕೊಂಡು, ಮೇಜಿನ ಹತ್ತಿರವೇ ಹೋದರು.

“ಸಾಹೇಬ್ರೆ, ಯಾವ ಸೈಡು?”

ಎಂಜಿನಿಯರಿಗೆ ಯಾರೂ ಮಾತು ದಾಟಿಸಬೇಕಾಗಲಿಲ್ಲ. ಅವರು ಎರಡೂ ಕೈ ಎತ್ತಿ ಅಗಲ ಮಾಡಿ ತೋರಿಸಿದರು. ದೋನೋ ಸೈಡ್.

ಎರಡೂ ಅಂಚು ಹೋಗುತ್ತದೆಂದಾಯಿತು. ಇಷ್ಟು ದಿನ ಮುಖ ತಿರುಗಿಸಿ ಓಡಾಡುತ್ತಿದ್ದ ಮೂಡಣದವರೂ ಪಡುವಣದವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಡ್ರೈವರಣ್ಣನೇ ಮೊದಲು ಸಾವರಿಸಿಕೊಂಡರು. ಬೆರಳಿನಿಂದ ಮೇಜಿನ ಮೇಲೆ ರಸ್ತೆ ಬರೆದು, ಈ ಸೈಡ್ ಮನೆ, ಆ ಸೈಡ್ ಶಾಲೆ, ನಡುವೆ ಗೋಡೆ ಕಟ್ಟಿದರೆ ಮಕ್ಕಳು ಆ ಸೈಡ್ ಹೋಗುವುದು ಹೆಂಗೆ ಎಂದು ವಾದಿಸತೊಡಗಿದರು. ಎಂಜಿನಿಯರೂ ಬೆರಳಿಟ್ಟು ಉತ್ತರ ಕೊಟ್ಟರು. ಇಬ್ಬರೂ ಅದೊಂದೇ ಶಬ್ದದಲ್ಲಿ ಅಷ್ಟು ಹೊತ್ತು ಜಗಳವಾಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಕೊನೆಗೆ ರಸ್ತೆಯ ನಡುವೆ ದಾಟಲು ಒಂದು ಕಂಡಿ ಬಿಡುವುದಾಗಿ ಎಂಜಿನಿಯರ್ ಒಪ್ಪಿದರು. ಬಿಟ್ಟರೂ ಬಿಟ್ಟರು. ನಾವು ಕೇಳಿದ್ದು ಶಾಲೆಯ ಎದುರಿಗೆ, ಆದದ್ದು ಸ್ಮಶಾನದ ಎದುರಿಗೆ. ಡ್ರೈವರಣ್ಣ ಇದಕ್ಕೆ, ಎಲ್ಲರೂ ದಾಟಲೇಬೇಕಾದ ಜಾಗ ಅದು, ಸರಿಯಾಗೇ ಮಾಡಿದ್ದಾರೆ ಅಂದರು. ಮಕ್ಕಳು ಸುತ್ತು ಹಾಕಿ ಶಾಲೆಗೆ ಹೋಗುವುದನ್ನು ಕಲಿತರು.

ಸಭೆ ಮುಗಿದ ಮೇಲೆ ಮಾಸ್ತರರು ತಾವಾಗಿ ಬಂದು, ಮುಂದಿನ ಕೂಟಕ್ಕೆ ದೂತ ನೀನೇ ಎಂದು ಹೇಳಿ ಹೋದರು. ಕಾರ್ಯದರ್ಶಿಯವರು ಎದುರು ಮಾತಾಡಲಿಲ್ಲ. ಆ ಭಾನುವಾರ ಜಾಗ ಸಾಲದಷ್ಟು ಜನ ಸೇರಿದರು. ಡ್ರೈವರಣ್ಣ ಬೆವರು ಒರೆಸಿಕೊಂಡು, ಎಚ್ಚರದಿಂದ, ನೀನು ಯಾವ ಪಕ್ಷ ಎಂದು ಕೇಳಿದರು. ಹಿಂದಿನಿಂದ ಒಂದು ನಿಟ್ಟುಸಿರು ಬಂತು. ಜನ ಬಂದದ್ದು ಆ ಒಂದು ಶಬ್ದಕ್ಕಾಗಿ. ಕೆಲವರು ಎದ್ದೂ ಹೋದರು. ಮನೆಗೆ ಹೋಗುವಾಗ ಅವರು ಬಹಳ ಬೇಜಾರಿನಲ್ಲಿದ್ದರು. ಸರಿಯಾಗಿ ಮಾತಾಡಿದ್ದಕ್ಕೆ ಯಾರೂ ಚಪ್ಪಾಳೆ ಹೊಡೆಯಲಿಲ್ಲವಲ್ಲ ಎಂದು.

ರಸ್ತೆ ಅಗಲವಾಗಿ ಅವರ ಮನೆಯ ಮುಂದಿನ ಜಗಲಿ ಹೋಯಿತು. ತಂಗಿಯ ಕ್ಯಾಂಟೀನು ಪೂರ್ತಿ ಹೋಯಿತು. ಅವರು ಯಾರನ್ನೂ ಕೇಳದೆ ತಂಗಿಯ ಒಲೆ, ಬೆಂಚು, ಗಾಜಿನ ಪೆಟ್ಟಿಗೆ ಎಲ್ಲವನ್ನೂ ಟೆಂಪೋದಲ್ಲಿ ತಂದು ತಮ್ಮ ಉಳಿದ ಅಂಗಳದಲ್ಲಿ ಇಳಿಸಿದರು. ಯಾರನ್ನೂ ಅಂದರೆ ಮುಖ್ಯವಾಗಿ ಹೆಂಡತಿಯನ್ನು. ಆಕೆ ಬಟ್ಟೆ ಒಣಗಿಸುವ ಜಾಗದಲ್ಲಿ ಈಗ ಲಾರಿಯವರು ಬಾಯಿ ಮುಕ್ಕಳಿಸುತ್ತಿದ್ದರು. ಅತ್ತಿಗೆ ನಾದಿನಿಯರ ನಡುವೆ ಮಾತು ನಿಂತಿತು. ಒಂದು ದಿನ ಹೆಂಡತಿ ಗಂಡನ ಎದುರು ನಿಂತು, ನಿಜ ಹೇಳಿ, ನೀವು ಯಾವ ಸೈಡು ಎಂದು ಕೇಳಿಯೇಬಿಟ್ಟಳು. ಸಭೆಯಲ್ಲಿ ಅರಸನನ್ನು ತಡವರಿಸದೆ ಕೇಳಿದವರು ಈಗ ಟೆಂಪೋದ ಕೀಲಿ ಹುಡುಕತೊಡಗಿದರು.

ಅವರು ಕಂಡುಕೊಂಡ ಉಪಾಯ ಚಾ. ಬೆಳಿಗ್ಗೆ ಒಳಗೆ ಹೆಂಡತಿಯ ಕೈಯ ಚಾ ಕುಡಿದು, ಹೊರಗಿನದು ನೀರು, ಬಾಯಿಗಿಡಲಾಗದು ಅನ್ನುತ್ತಿದ್ದರು. ಹೊರಗೆ ಬಂದು ತಂಗಿಯ ಕೈಯ ಚಾ ಕುಡಿದು, ಒಳಗೆ ಕುಡಿಯದೆ ಬಂದೆ ಅನ್ನುತ್ತಿದ್ದರು. ಸಂಜೆಯೂ ಹಾಗೆಯೇ. ಇಬ್ಬರೂ ಪ್ರೀತಿ ತೋರಿಸಲು ಸಕ್ಕರೆ ಏರಿಸುತ್ತ ಹೋದರು. ಹೀಗೆ ಒಂದು ಮಳೆಗಾಲ ಸುಖವಾಗಿ ಕಳೆಯಿತು. ಆಮೇಲೆ ಕಾಲಿನ ಹುಣ್ಣು ಮಾಯುತ್ತಿಲ್ಲವೆಂದು ಡಾಕ್ಟರ ಹತ್ತಿರ ಹೋದರೆ ಸಕ್ಕರೆ ಕಾಯಿಲೆ. ಡಾಕ್ಟರು ದಿನಕ್ಕೆ ಎಷ್ಟು ಚಾ ಎಂದು ಕೇಳಿದರು. ದುರದೃಷ್ಟಕ್ಕೆ ಅವತ್ತು ಹೆಂಡತಿಯೂ ತಂಗಿಯೂ ಅವರ ಜೊತೆಗೆ ಬಂದು, ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಹೆಂಡತಿ ತನ್ನ ಲೆಕ್ಕ ಹೇಳಿದಳು, ಅಷ್ಟೇ ಎಂದಳು. ತಂಗಿ, ಅಷ್ಟೇ ಹೆಂಗೆ, ನನ್ನದು ಎಲ್ಲಿ ಹೋಯ್ತು ಎಂದಳು. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ಅವರ ಮುಖ ನೋಡಿದರು.

ವಾಪಸು ಬರುವ ದಾರಿಯುದ್ದಕ್ಕೂ ಬೈಗುಳ ಎರಡು ಕಿವಿಗೂ ಒಂದೇ ಸಮ ಬಿತ್ತಂತೆ. ಮನೆಗೆ ಬಂದವರೇ ಹೆಂಗಸರು ಒಂದಾಗಿ ಸಕ್ಕರೆ ಡಬ್ಬಿ ಬಚ್ಚಿಟ್ಟರು. ಒಲೆಗಳೂ ಒಂದಾದವು. ಒಳಗಿನ ಅಡುಗೆಮನೆಯಲ್ಲೇ ಬನ್ಸು ಬೇಯತೊಡಗಿತು, ಅತ್ತಿಗೆ ಲಟ್ಟಿಸುವುದು, ನಾದಿನಿ ಕರಿಯುವುದು. ಮರುದಿನ ಟೆಂಪೋದಲ್ಲಿ ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

“ಈಗ ಅವರಿಬ್ಬರೂ ಒಂದು ಸೈಡು, ನಾನೊಬ್ಬನೇ ಒಂದು ಸೈಡು. ಭಾರೀ ಆರಾಮ ಮಾರಾಯ್ರೆ.”

ನಾನು ನಿವೃತ್ತನಾಗಿ ಭಟ್ಕಳದ ಓಡಾಟ ನಿಂತಿತು. ಅವರೂ ಗಾಡಿ ಮಾರಿದರು. ಕಳೆದ ಮಳೆಗಾಲದಲ್ಲಿ ಅವರು ಹೋದ ಸುದ್ದಿ ಬಂದಾಗ ನಾನು ಊರಲ್ಲಿರಲಿಲ್ಲ. ಬಂದ ಮೇಲೆ ಮನೆಯವರನ್ನು ಮಾತಾಡಿಸಲು ಹೋದೆ. ಕ್ಯಾಂಟೀನಿನಲ್ಲಿ ಜನ ಇದ್ದರು. ತಂಗಿ ಕೈ ಒರೆಸಿಕೊಂಡು ಬಂದು ಅತ್ತಿಗೆಯ ಪಕ್ಕ ಕೂತಳು. ಹೇಗಾಯಿತು ಎಂದು ನಾನು ಕೇಳಬೇಕಾಗಲಿಲ್ಲ. ಇಬ್ಬರೂ ಸೇರಿ ಹೇಳಿದರು, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು. ಹಿಂದಿನ ಸಂಜೆ ಚೆನ್ನಾಗಿಯೇ ಇದ್ದರಂತೆ. ಗಿರಾಕಿಗಳ ಜೊತೆ ಕತ್ತಲಾಗುವ ತನಕ ವಾದ ಮಾಡಿದರಂತೆ. ಬೆಳಿಗ್ಗೆ ಎಬ್ಬಿಸಲು ಹೋದರೆ ಏಳಲಿಲ್ಲ.

ಆಮೇಲೆ ಹೆಂಡತಿ ಅಂಗಳದ ಕಡೆ ನೋಡುತ್ತ ಹೇಳಿದಳು.

“ಈ ಮನೆಯಿಂದ ಅವರು ಮಾತಾಡದೆ ಹೊರಟದ್ದು ಅಂದ್ರೆ ಅದೊಂದೇ ಸಲ.”

ತಂಗಿಗೆ ನಗು ಬಂತು. ಅದನ್ನು ನೋಡಿ ಅತ್ತಿಗೆಗೂ ಬಂತು. ನಗುತ್ತ ನಗುತ್ತ ಇಬ್ಬರೂ ಒಂದೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.